ಎದುರು ಮನೆಯ ಕಿವಿ

ಆ ಊರಿನಲ್ಲಿ ಒಂದು ಕ್ರಿಯಾಪದಕ್ಕೆ ಉಳಿದ ಎಲ್ಲ ಕ್ರಿಯಾಪದಗಳಿಗಿಂತ ಹೆಚ್ಚು ಮರ್ಯಾದೆ. ಉಣ್ಣುವುದು, ಮಲಗುವುದು, ಹೆರುವುದು, ಸಾಯುವುದು, ಇವನ್ನೆಲ್ಲ ನಾಯಿಯೂ ಮಾಡುತ್ತದೆ, ಅದರಲ್ಲೇನು ಹೆಚ್ಚುಗಾರಿಕೆ ಎಂದು ಅಲ್ಲಿಯವರು ಕೇಳುತ್ತಾರೆ. ನಾಯಿ ಮಾಡದೆ ಇರುವ ಕೆಲಸ ಒಂದೇ, ಸಾರುವುದು. ತಾನು ಏನನ್ನು ನಂಬಿದ್ದೇನೆಂದು ತನ್ನ ಹೊಸ್ತಿಲ ಮೇಲೆ ನಿಂತು ನಾಲ್ಕು ಜನಕ್ಕೆ ಕೇಳುವಂತೆ ಬಾಯಿಬಿಟ್ಟು ಹೇಳುವುದಕ್ಕೆ ಆ ಊರಿನಲ್ಲಿ ಸಾರುವುದು ಎನ್ನುತ್ತಾರೆ. ಸಾರದ ನಂಬಿಕೆ ಬೇಯಿಸದ ಅಕ್ಕಿ ಎಂಬುದು ಅವರ ಗಾದೆ. ಅಕ್ಕಿ ಬೆಂದಿದೆಯೋ ಇಲ್ಲವೋ ಎಂದು ನೋಡುವ ಕೆಲಸವನ್ನು ಮಾತ್ರ ಅವರು ಎದುರು ಮನೆಗೆ ಬಿಟ್ಟಿದ್ದಾರೆ.

ಊರೆಂದರೆ ಒಂದೇ ಬೀದಿ. ಬೀದಿಗೆ ಎರಡು ಸಾಲು ಮನೆ, ಮೂಡಲ ಸಾಲು ಮತ್ತು ಪಡುವಲ ಸಾಲು. ಪ್ರತಿ ಮನೆಗೂ ಒಂದು ಎದುರು ಮನೆ. ಬೀದಿಯ ತುದಿಯಲ್ಲಿ ಬಂಡೆಯ ಸಂದಿಯಿಂದ ಒಂದು ಒರತೆ ಒಸರುತ್ತದೆ. ಇಡೀ ಊರಿಗೆ ನೀರು ಅದೊಂದೇ.

ಪ್ರತಿ ಮನೆಗೆ ಒಂದು ಬಾಯಿ, ಒಂದು ಕಿವಿ. ಮನೆಯ ಯಜಮಾನಿಯೇ ಎರಡೂ. ಗಂಡಸರು ಯಾಕಿಲ್ಲ ಎಂದು ಕೇಳಿದರೆ, ಅವರಿಗೆ ಹೊಲಕ್ಕೆ ಹೊತ್ತಾಗುತ್ತದೆ ಎಂಬ ಉತ್ತರ ಸಿಗುತ್ತದೆ. ಆ ಉತ್ತರ ಕೊಟ್ಟವರು ಗಂಡಸರು.

ಬೆಳಗಿನ ಬಿಸಿಲು ಬೀದಿಗೆ ಬಿದ್ದೊಡನೆ ಮೂಡಲ ಸಾಲಿನ ಬಾಯಿಗಳು ಹೊಸ್ತಿಲೇರಿ ನಿಲ್ಲುತ್ತವೆ. ಪಡುವಲ ಸಾಲಿನ ಕಿವಿಗಳು ಚೆಂಬು ಹಿಡಿದು ನಿಲ್ಲುತ್ತವೆ. ಮೂಡಲ ಸಾಲು ಒಟ್ಟಿಗೆ ಸಾರುತ್ತದೆ:

"ಒರತೆ ಬತ್ತುವುದಿಲ್ಲ. ಒರತೆ ನಮ್ಮನ್ನು ಬಿಡುವುದಿಲ್ಲ. ನಾನು ಒರತೆಯನ್ನು ನಂಬಿದ್ದೇನೆ."

ಎದುರು ಮನೆಯ ಕಿವಿ ಅದನ್ನು ಕೇಳಬೇಕು. ಬಾಯಿಂದ ಬಂತೋ, ಒಳಗಿನಿಂದ ಬಂತೋ ಎಂದು ತೂಗಬೇಕು. ಒಪ್ಪಿಗೆಯಾದರೆ ಚೆಂಬಿನ ನೀರನ್ನು ತನ್ನ ಹೊಸ್ತಿಲ ಮೇಲೆ ಸುರಿಯಬೇಕು. ನಿಮ್ಮ ನಂಬಿಕೆಗೆ ನನ್ನ ಹೊಸ್ತಿಲ ತೇವವೇ ಸಾಕ್ಷಿ. ಆಮೇಲೆ ಪಡುವಲ ಸಾಲು ಸಾರುತ್ತದೆ, ಮೂಡಲ ಸಾಲು ಸುರಿಯುತ್ತದೆ. ಎಲ್ಲ ಮುಗಿದ ಮೇಲೆ ಹೆಜ್ಜೆಯವನು ಬರುತ್ತಾನೆ. ಬರಿಗಾಲಿನಲ್ಲಿ ಒಂದೊಂದು ಹೊಸ್ತಿಲನ್ನೂ ಮೆಟ್ಟಿ, ಒದ್ದೆಯೋ ಒಣಗಿದೆಯೋ ಎಂದು ನೋಡುತ್ತಾನೆ. ಅವನು ಕಿವುಡ. ಪಕ್ಷಪಾತ ಬರಬಾರದೆಂದು ಹುಡುಕಿ ಕಿವುಡನನ್ನೇ ನೇಮಿಸಿದ್ದಾರೆ.

ಹೊಸ್ತಿಲು ಸತತ ಮೂರು ದಿನ ಒಣಗಿದ್ದರೆ ಎದುರು ಮನೆಯ ಬೀದಿಬಾಗಿಲಿಗೆ ಕಲ್ಲು ಕಟ್ಟುತ್ತಾರೆ. ಆ ಮನೆಯವರು ಗೋಡೆ ಒಡೆದು ಹಿತ್ತಲ ಕಡೆಗೆ ಬಾಗಿಲು ಇಟ್ಟುಕೊಂಡು ಹಿಂಬೀದಿಯವರಾಗಬೇಕು. ಹಿಂಬೀದಿಗೆ ಒಂದೇ ಸಾಲು. ಎದುರಿಗೆ ಬರೀ ಬಂಡೆ. ಅಲ್ಲಿಯವರ ಮಾತು ಕಿವಿಗೆ ಬಿದ್ದರೂ ಬೀದಿಯವರು ಕೇಳಿಸಿಕೊಳ್ಳುವಂತಿಲ್ಲ.

ಹೊಸ ಬಾಯಿಗೆ ಮೂರು ದಿನವೂ ಬೇಡ, ಒಂದೇ ಸಾಕು. ಏಳು ವರ್ಷ ತುಂಬಿದ ಹೆಣ್ಣುಮಗು ಏಳು ದಿನ ತನ್ನ ಮನೆಯ ಬಾಯಿಯೂ ಕಿವಿಯೂ ಆಗಿ ನಿಲ್ಲಬೇಕು. ಆ ಏಳರಲ್ಲಿ ಒಂದು ದಿನ ಅದರ ಮಾತಿಗೆ ಎದುರಿನಿಂದ ನೀರು ಬೀಳದಿದ್ದರೆ ಮಗುವೊಂದನ್ನೇ ಹಿಂಬೀದಿಗೆ ಕಳಿಸುತ್ತಾರೆ.

ಹೀಗಿದ್ದರೂ ಇಪ್ಪತ್ತು ವರ್ಷದಿಂದ ಆ ಬೀದಿಯಲ್ಲಿ ಒಂದು ಹೊಸ್ತಿಲೂ ಒಣಗಿರಲಿಲ್ಲ. ಇದನ್ನು ಊರಿನವರು ನಂಬಿಕೆಯ ಬಲ ಎನ್ನುತ್ತಿದ್ದರು. ನನ್ನನ್ನು ನೀನು ಒಣಗಿಸಿದರೆ ನಿನ್ನನ್ನು ನಾನು ಒಣಗಿಸುತ್ತೇನೆ ಎಂಬುದಕ್ಕೂ ನಂಬಿಕೆ ಎಂದು ಹೆಸರಿಡಬಹುದಾದರೆ, ಅದು ನಂಬಿಕೆಯೇ. ನೀರು ತಪ್ಪದೆ ಬೀಳುತ್ತಿತ್ತು, ಸಂಶಯವೂ ತಪ್ಪದೆ ಬೆಳೆಯುತ್ತಿತ್ತು. ಎದುರು ಮನೆಯವಳು ಇವತ್ತು ಕಣ್ಣು ಮುಚ್ಚಿ ಸಾರಿದಳು, ಯಾಕಿರಬಹುದು? ನಿನ್ನೆಗಿಂತ ಜೋರಾಗಿ ಸಾರಿದಳು, ಏನನ್ನು ಮುಚ್ಚಿಡುತ್ತಿದ್ದಾಳೆ? ನನ್ನ ಮಾತು ಮುಗಿಯುವ ಮೊದಲೇ ನೀರು ಸುರಿದಳು, ನನ್ನ ಮೇಲೆ ಅಷ್ಟೊಂದು ಪ್ರೀತಿಯೇ? ಹೀಗೆ ಯೋಚಿಸುತ್ತ ಯೋಚಿಸುತ್ತ ಪ್ರತಿಯೊಬ್ಬಳೂ ಮರುದಿನ ಇನ್ನೂ ಸ್ವಲ್ಪ ಜೋರಾಗಿ ಸಾರುತ್ತಿದ್ದಳು, ಇನ್ನೂ ಸ್ವಲ್ಪ ಬೇಗ ಸುರಿಯುತ್ತಿದ್ದಳು.

ಪಡುವಲ ಸಾಲಿನ ಒಂದು ಮನೆಯಲ್ಲಿ ಒಬ್ಬ ತಾಯಿ ಇದ್ದಳು. ಇಪ್ಪತ್ತು ವರ್ಷದ ಹಿಂದೆ ಕೊನೆಯ ಸಲ ಒಣಗಿದ ಹೊಸ್ತಿಲು ಅವಳ ತವರಿನ ಎದುರು ಮನೆಯದು. ಆಗ ಹಿಂಬೀದಿಗೆ ಹೋದ ಏಳು ವರ್ಷದವಳು ಅವಳ ಅಕ್ಕ. ತಾಯಿ ಹಿತ್ತಲ ಗೋಡೆಯ ಕಿಂಡಿಯಿಂದ ಆಗಾಗ ಒಂದು ರೊಟ್ಟಿಯನ್ನು ಆಚೆಗೆ ಚಾಚುತ್ತಾಳೆ. ಆಚೆಯಿಂದ ಎರಡು ಕೈ ಬರುತ್ತದೆ. ಮೊದಮೊದಲು ಕೈಯ ಜೊತೆ ಒಂದು ದನಿಯೂ ಬರುತ್ತಿತ್ತು. ಈಗ ಕೈ ಮಾತ್ರ ಬರುತ್ತದೆ.

ಆ ತಾಯಿಯ ಮಗಳಿಗೆ ಏಳು ತುಂಬಿತು.

ತಾಯಿ ಒಂದು ತಿಂಗಳು ಮಗಳನ್ನು ತಿದ್ದಿದಳು. ಗೋಡೆಯ ಮುಂದೆ ನಿಲ್ಲಿಸಿ ಆ ಮೂರು ಮಾತು ಹೇಳಿಸಿದಳು. ಮಗಳು ಗಂಟೆ ಹೊಡೆದಂತೆ ಹೇಳಿದಳು. ಆಮೇಲೆ ಕೈಗೆ ಚೆಂಬು ಕೊಟ್ಟು, ತನಗೆ ತನ್ನ ತಾಯಿ ಹೇಳಿಕೊಟ್ಟದ್ದನ್ನೇ ಹೇಳಿಕೊಟ್ಟಳು.

"ಎದುರು ಮನೆ ಅಜ್ಜಿ ಮಾತು ನಿನ್ನ ಕಿವಿಗೆ ಬೀಳಬೇಕು. ಬಿದ್ದ ಮೇಲೆ ಸುರಿ. ಕೇಳಿಸದೆ ಸುರಿದರೆ ಪಾಪ ಬರತ್ತೆ."

ಹೇಳಿಕೊಡುವಾಗ ತಾನು ಹಾಗೆ ಮಾಡದೆ ಎಷ್ಟು ವರ್ಷವಾಯಿತೆಂದು ಅವಳಿಗೆ ಹೊಳೆಯಲಿಲ್ಲ.

ಮೊದಲ ದಿನ ಮಗಳು ಚೆಂಬು ಹಿಡಿದು ನಿಂತಳು. ಎದುರು ಮನೆಯ ಹೊಸ್ತಿಲ ಮೇಲೆ ಮುದುಕಿ ನಿಂತಿದ್ದಳು. ಹನ್ನೊಂದು ಜನರ ಮನೆಗೆ ಒಂದೇ ಬಾಯಿ ಅವಳು. ಬಿಸಿಲು ಬಿತ್ತು. ಮೂಡಲ ಸಾಲು ಸಾರಿತು, ಹಂಚಿನ ಮೇಲಿನ ಕಾಗೆಗಳು ಎದ್ದುಹೋದವು. ಪಡುವಲ ಸಾಲಿನಲ್ಲಿ ಚೆಂಬುಗಳು ಒಟ್ಟಿಗೆ ಬಾಗಿದವು. ಒಂದು ಚೆಂಬು ಬಾಗಲಿಲ್ಲ.

ಸರದಿ ಬಂದಾಗ ಮಗಳು ತನ್ನ ಮೂರು ಮಾತನ್ನು ಚೆನ್ನಾಗಿ ಸಾರಿದಳು. ಮುದುಕಿ ಸುರಿದಳು. ಹೆಜ್ಜೆಯವನು ಬಂದು ತಾಯಿಯ ಹೊಸ್ತಿಲು ಮೆಟ್ಟಿದ. ಕಾಲು ಎತ್ತಿ ಅಂಗಾಲು ನೋಡಿಕೊಂಡ. ಮತ್ತೆ ಮೆಟ್ಟಿದ. ಇಪ್ಪತ್ತು ವರ್ಷದ ಮೇಲೆ ಅವನು ಒಂದು ಬೆರಳೆತ್ತಿದ.

ತಾಯಿ ಮಗಳನ್ನು ಒಳಗೆ ಎಳೆದು ಬಾಗಿಲು ಹಾಕಿದಳು.

"ಯಾಕೇ ಸುರಿಯಲಿಲ್ಲ?"

"ಕೇಳಿಸಲಿಲ್ಲಮ್ಮ."

"ಇಡೀ ಬೀದಿ ಹಂಚು ಹಾರೋ ಹಾಗೆ ಕೂಗ್ತಾ ಇತ್ತು, ನಿನಗೆ ಕೇಳಿಸಲಿಲ್ವಾ?"

"ಬೀದಿ ಕೇಳಿಸ್ತು. ಅಜ್ಜಿ ಕೇಳಿಸಲಿಲ್ಲ."

ತಾಯಿಗೆ ಮಗಳ ಮೇಲೆ ಸಂಶಯ ಬಂತು. ಯಾರಾದರೂ ಹೇಳಿಕೊಟ್ಟಿದ್ದಾರೆಯೇ ಎಂದು ಕೇಳಿದಳು. ನೀನೇ ಹೇಳಿಕೊಟ್ಟೆ ಎಂದಳು ಮಗಳು.

ಎರಡನೆಯ ದಿನ ಮಗಳು ಚೆಂಬು ಹಿಡಿದುಕೊಂಡು ಬೀದಿ ದಾಟಿ ಹೋಗಿ ಮುದುಕಿಯ ಕಾಲ ಹತ್ತಿರ ಕೂತಳು. ಕಿವಿ ಹತ್ತಿರ ಹೋಗಬಾರದೆಂದು ಯಾವ ನಿಯಮವೂ ಇರಲಿಲ್ಲ. ಹೋಗುವವರು ಇರಬಹುದೆಂದು ನಿಯಮ ಮಾಡಿದವರಿಗೆ ಹೊಳೆದಿರಲಿಲ್ಲ. ಮುದುಕಿ ಕೆಳಗೆ ನೋಡಿದಳು. ಮಗು ಮೇಲೆ ನೋಡಿತು. ಬೀದಿ ಕೂಗಿ ಮುಗಿಸಿತು. ಮಗಳು ತುಂಬಿದ ಚೆಂಬನ್ನು ತುಂಬಿದಂತೆಯೇ ಮನೆಗೆ ತಂದಳು.

ಹೆಜ್ಜೆಯವನು ಎರಡು ಬೆರಳೆತ್ತಿದ.

"ಹತ್ತಿರಾನೇ ಕೂತಿದ್ದೆ ಅಮ್ಮ. ಅಜ್ಜಿ ಬಾಯಿ ಆಡ್ತಿತ್ತು. ದನಿ ಇರಲಿಲ್ಲ."

ತಾಯಿ ಮಗಳ ಬಾಯಿ ಮುಚ್ಚಿದಳು. ಮುಚ್ಚಿದ ಕೈಯನ್ನು ತೆಗೆಯುವ ಮೊದಲೇ ಬಾಗಿಲು ಬಡಿದ ಸದ್ದಾಯಿತು. ಮುದುಕಿಯ ಹಿರಿಸೊಸೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ನೋಡಮ್ಮ, ನಮ್ಮ ಮನೇಲಿ ಹನ್ನೊಂದು ಜನ. ಅದರಲ್ಲಿ ಎರಡು ತೊಟ್ಟಿಲ ಕೂಸು. ನಾಳೆ ನಿನ್ನ ಹೊಸ್ತಿಲು ಒಣಗಿದ್ರೆ ಅಷ್ಟೂ ಜನ ಹಿಂಬೀದಿಗೆ. ಸರಿ, ಹೋಗ್ತೀವಿ. ಆದರೆ ನಮ್ಮ ಸರದಿ ಆದಮೇಲೆ ನಿನ್ನ ಮಗಳ ಸರದಿ ಬರತ್ತಲ್ಲ, ಆಗ ನಮ್ಮತ್ತೆ ಕೈಲಿರೋ ಚೆಂಬನ್ನ ನಾನು ಹಿಡ್ಕೋತೀನಿ. ಒಂದು ಹನಿ ಬೀಳಲ್ಲ."

"ಅಕ್ಕಾ, ಮಗು ಅದು. ಅದಕ್ಕೆ ಸುಳ್ಳು ಗೊತ್ತಿಲ್ಲ."

"ಅದೇ ಕಣೇ ರೋಗ. ಬೆಳಗಾಗೋದರೊಳಗೆ ಔಷಧಿ ಮಾಡು."

ಮಧ್ಯಾಹ್ನ ಬೀದಿಯವರು ಉಂಡು ಅಡ್ಡಾದ ಹೊತ್ತಿನಲ್ಲಿ ತಾಯಿ ಎದುರು ಮನೆಗೆ ಹೋದಳು. ಮುದುಕಿ ಜಗಲಿಯ ಮೂಲೆಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು.

"ಅಜ್ಜಿ, ನನ್ನ ಮಗಳು ಹೇಳೋದು ನಿಜವಾ?"

"ನಿಜ ಅಂತ ಗೊತ್ತಾಗಿ ತಾನೇ ಬಂದಿರೋದು. ಕೂತ್ಕೋ."

"ಎಷ್ಟು ದಿನದಿಂದ?"

"ದಿನವಾ!" ಮುದುಕಿ ನಕ್ಕಳು. "ಹತ್ತೊಂಬತ್ತು ವರ್ಷ ಆಯ್ತು. ಒಂದು ಬೆಳಗ್ಗೆ ಗಂಟಲು ಕಟ್ಟಿತ್ತು ಕಣೇ. ಬಾಯಿ ತೆಗೆದೆ, ದನಿ ಬರಲಿಲ್ಲ. ಕೆಟ್ಟೆ ಅಂದ್ಕೊಂಡೆ. ಎದುರಿಗೆ ನೋಡಿದರೆ ನಿಮ್ಮತ್ತೆ ಆಗಲೇ ಸುರಿದುಬಿಟ್ಟಿದ್ದಳು. ಮರುದಿನ ಗಂಟಲು ಸರಿಹೋಗಿತ್ತು. ಆದರೂ ಬರೀ ಬಾಯಿ ಆಡಿಸಿದೆ, ನೋಡೋಣ ಅಂತ. ಅವತ್ತೂ ಸುರಿದಳು. ಅವಳು ಹೋದಮೇಲೆ ನೀನು ಬಂದೆ. ನೀನು ಅವಳಿಗಿಂತ ಚುರುಕು. ನಾನು ತುಟಿ ಬಿಚ್ಚೋದರೊಳಗೆ ನಿನ್ನ ಚೆಂಬು ಖಾಲಿ."

"ಮತ್ತೆ ನೀವು? ನನ್ನ ಮಾತನ್ನ ಯಾವತ್ತಾದರೂ ಕೇಳಿ ಸುರಿದಿದ್ದೀರಾ?"

"ನಿನ್ನದು ಕೇಳದೆ ಇರೋದು ಹೇಗೆ ತಾಯಿ? ಆಚೆ ಊರಿನ ದನಗಳೂ ಕೇಳಿಸ್ಕೊಂಡು ಬೆಚ್ಚಿಬೀಳ್ತವೆ. ಏನನ್ನ ಅಷ್ಟು ಜೋರಾಗಿ ಮುಚ್ತಾ ಇದೀಯ ಅಂತ ದಿನಾ ಯೋಚನೆ ಮಾಡ್ತೀನಿ."

ತಾಯಿಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಹೆದರಿಕೆ ಬಂತು. ಊರ ಪಾಠದಲ್ಲಿ ಕಲಿತದ್ದನ್ನು ಒಪ್ಪಿಸುವಂತೆ ಅವಳು ಹೇಳಿದಳು: "ಮೊದಲ ಹಿರಿಯಳು ಬಂಡೆ ಮುಂದೆ ನಿಂತು ಸಾರಿದಳು, ಬಂಡೆ ಬಿರಿದು ನೀರು ಬಂತು. ಅವಳು ಸಾರಿದ್ದಕ್ಕೇ ನಾವು ಬದುಕಿದ್ದೀವಿ. ನೀವು ಹೀಗೆ ಮಾಡಬಹುದಾ?"

"ಅವಳು ಬಂಡೆ ಮುಂದೆ ನಿಂತು ಸಾರಿದ್ರೆ, ನಾವ್ಯಾಕೆ ಬಂಡೆ ಕಡೆ ಮುಖ ಮಾಡಲ್ಲ? ಎದುರು ಮನೆ ಕಡೆ ಯಾಕೆ ಮುಖ ಮಾಡ್ತೀವಿ?"

ಇಷ್ಟು ವರ್ಷ ತಾಯಿ ಎದುರು ಮನೆಯ ಕಣ್ಣು ನೋಡಿದ್ದಳು, ಸೆರಗು ನೋಡಿದ್ದಳು, ಎಷ್ಟು ಕೊಡ ನೀರು ಒಯ್ದರು ಎಂದು ನೋಡಿದ್ದಳು. ತಾನು ಯಾವ ಕಡೆ ತಿರುಗಿದ್ದೇನೆಂದು ನೋಡಿರಲಿಲ್ಲ.

"ನಮ್ಮಜ್ಜಿ ಹೇಳಿದ್ದು ಬೇರೆ," ಎಂದಳು ಮುದುಕಿ. ಬೀಜ ಬಿಡಿಸುವ ಕೈ ನಿಲ್ಲಲಿಲ್ಲ. "ಮೊದಲು ಈ ಊರಲ್ಲಿ ಒರತೆ ಇತ್ತು, ಸಾರೋದು ಇರಲಿಲ್ಲ. ಆ ಮಾತೇ ಇರಲಿಲ್ಲ. ನೀರು ಬರತ್ತೆ ಅಂತ ಎಲ್ಲರಿಗೂ ಗೊತ್ತಿತ್ತು, ಕೊಡ ತಗೊಂಡು ಹೋಗ್ತಿದ್ದರು, ಅಷ್ಟೇ. ನಂಬಿದೀನಿ ನಂಬಿದೀನಿ ಅಂತ ಕೊಡಕ್ಕೆ ಹೇಳ್ತಾರಾ? ಒಂದು ಬೆಳಗ್ಗೆ ನೋಡಿದರೆ ಒರತೆಯ ಸಂದಿಗೆ ಯಾರೋ ಕಲ್ಲು ಜಡಿದಿದ್ದರು. ಯಾರು ಅಂತ ಗೊತ್ತಿಲ್ಲ. ಮನೆಮನೆಯವರೂ ಬಾಗಿಲಿಗೆ ಬಂದು ಎದುರು ಮನೆ ನೋಡಿದರು. ನೋಡಿದ ಕೂಡಲೆ ಒಬ್ಬಳು ಅಂದಳು, 'ನಾನಲ್ಲ.' ಎದುರಿನವಳೂ ಅಂದಳು, 'ನಾನಲ್ಲ.' ಆ ದಿನ ಇಡೀ ಬೀದಿ ಅದೊಂದೇ ಮಾತು. ಮರುದಿನ ಬರೀ 'ನಾನಲ್ಲ' ಸಾಲದೆ ಹೋಯಿತು. 'ನಾನಲ್ಲ, ನಾನು ಒರತೇನ ನಂಬಿದೀನಿ' ಅಂದರು. ಅದೂ ಸಾಲಲಿಲ್ಲ, ಬತ್ತೋದಿಲ್ಲ ಬಿಡೋದಿಲ್ಲ ಅಂತ ಉದ್ದ ಮಾಡಿದರು. ಬರ್ತಾ ಬರ್ತಾ ಮುಂದಿನ 'ನಾನಲ್ಲ' ಬಿದ್ದುಹೋಯಿತು, ಹಿಂದಿನ ಮಾತು ಉಳೀತು. ಆಮೇಲೆ ಅದಕ್ಕೊಂದು ಹೆಸರು ಬೇಕಲ್ಲ, ಸಾರೋದು ಅಂದರು."

"ಕಲ್ಲು ಇಟ್ಟಿದ್ದು ಯಾರು?"

"ಅದನ್ನ ಆಮೇಲೆ ಯಾರೂ ಕೇಳಲಿಲ್ಲ. ಸಾರೋದರಲ್ಲೇ ಹೊತ್ತು ಹೋಗ್ತಿತ್ತು."

"ಕಲ್ಲು ತೆಗೆದರಾ?"

"ತೆಗೆದರು. ನೀರು ಬಂತು. ಅಷ್ಟೊತ್ತಿಗೆ ನೀರು ಬಂದದ್ದು ಸಾರಿದ್ದರಿಂದ ಅಂತಾಗಿತ್ತು."

ಒಳಗೆ ತೊಟ್ಟಿಲ ಕೂಸೊಂದು ಅತ್ತಿತು. ಯಾರೋ ತೂಗಿದರು. ಮುದುಕಿ ದನಿ ತಗ್ಗಿಸಿದಳು.

"ನಾಳೆ ನಾನು ಸಾರ್ತೀನಿ. ದನಿ ತೆಗೆದೇ ಸಾರ್ತೀನಿ. ನಿನ್ನ ಮಗಳಿಗೆ ಹೇಳು, ಕೇಳಿಸಿದ್ರೆ ಮಾತ್ರ ಸುರಿ ಅಂತ. ಹತ್ತೊಂಬತ್ತು ವರ್ಷದಲ್ಲಿ ಈ ಬೀದಿಗೆ ಹುಟ್ಟಿರೋ ಕಿವಿ ಅದೊಂದೇ."

"ಆ ಮೂರು ಮಾತೇ ತಾನೇ ಅಜ್ಜಿ ನೀವು ಹೇಳೋದು?"

"ನಾಳೆ ಕೇಳಿಸ್ಕೋ."

"ಈಗಲೇ ಹೇಳಿ."

"ಈಗ ಹೇಳಿದ್ರೆ ಅದು ಮಾತಾಗತ್ತೆ. ನಾಳೆ ಹೇಳಿದ್ರೆ ಸಾರಿದ ಹಾಗಾಗತ್ತೆ. ಹೋಗು, ಸೊಸೆ ಏಳೋ ಹೊತ್ತಾಯಿತು."

ತಾಯಿ ಬೀದಿ ದಾಟುವುದರೊಳಗೆ ಅವಳ ತಲೆಯಲ್ಲಿ ಸಂಶಯಗಳು ಸಾಲುಗಟ್ಟಿದವು. ಹತ್ತೊಂಬತ್ತು ವರ್ಷ ಮೋಸ ಮಾಡಿದವಳು ನಾಳೆ ಯಾಕೆ ನಿಜ ಹೇಳುತ್ತಾಳೆ? ಆ ಮೂರು ಮಾತು ಬಿಟ್ಟು ಬೇರೆ ಏನಾದರೂ ಆಡಿದರೆ? ಕೇಳಿಸಿಕೊಂಡವರೂ ಪಾಲುದಾರರು ಎಂದು ಊರು ತೀರ್ಮಾನಿಸಿದರೆ? ಕಲ್ಲಿಟ್ಟವರು ಎದುರು ಮನೆಯವರ ಹಿರಿಯರೇ ಎಂದು ಮುದುಕಿ ತನ್ನತ್ತ ಕೈ ತೋರಿಸಿಬಿಟ್ಟರೆ? ಅಥವಾ ಮುದುಕಿ ಬಾಯಿ ಬಿಡದೆ ನಿಂತು, ಮಗಳು ಸುರಿಯದೆ ನಿಂತು, ಸೊಸೆ ಚೆಂಬು ಕಸಿದುಕೊಂಡರೆ? ಎತ್ತ ಯೋಚಿಸಿದರೂ ಕೊನೆಗೆ ಕಿಂಡಿಯಿಂದ ಚಾಚಿದ ಎರಡು ಕೈ ಕಾಣುತ್ತಿತ್ತು. ಈ ಸಲ ಆ ಕೈಗಳು ಪುಟ್ಟವಾಗಿದ್ದವು.

"ನಾಳೆ ಅಜ್ಜಿ ಬಾಯಿ ತೆಗೆದ ತಕ್ಷಣ ಸುರಿದುಬಿಡು," ಎಂದಳು ಮಗಳಿಗೆ.

"ಕೇಳಿಸದೆ ಸುರಿದರೆ ಪಾಪ ಅಂದಿದ್ದೆ."

"ಆ ಪಾಪ ನನಗಿರಲಿ."

"ನನ್ನ ಪಾಪಾನ ನೀನು ಇಟ್ಕೊಳ್ಳೋಕಾಗತ್ತಾ?"

"ಹೆತ್ತವಳು ಏನು ಬೇಕಾದರೂ ಇಟ್ಕೋಬಹುದು. ಸುಮ್ಮನೆ ಹೇಳಿದಷ್ಟು ಮಾಡು."

ಮಗಳು ಆಗಲಿ ಎನ್ನಲಿಲ್ಲ, ಆಗುವುದಿಲ್ಲ ಎನ್ನಲಿಲ್ಲ. ಮಗಳ ಮೌನದ ಮೇಲೂ ತಾಯಿಗೆ ಸಂಶಯ ಬಂತು.

ಮೂರನೆಯ ದಿನ ಬಿಸಿಲು ಬಿದ್ದಾಗ ಮೂಡಲ ಸಾಲು ಎಂದಿನಂತೆ ಕೂಗಲಿಲ್ಲ. ಆ ಒಂದು ಮನೆಯಲ್ಲಿ ಏನಾಗುತ್ತದೆಂದು ಕೇಳಿಸಿಕೊಳ್ಳುವ ಆಸೆಗೆ ಪ್ರತಿಯೊಬ್ಬಳೂ ತನ್ನ ದನಿಯನ್ನು ಸ್ವಲ್ಪ ತಗ್ಗಿಸಿದಳು. ಎಲ್ಲರೂ ಸ್ವಲ್ಪ ಸ್ವಲ್ಪ ತಗ್ಗಿಸಿದ್ದರಿಂದ ಬೀದಿ ಪಿಸುಗುಟ್ಟಿದಂತಾಯಿತು. ದೂರದಲ್ಲಿ ಒರತೆ ಒಸರುವ ಸದ್ದು ಕೇಳಿಸಿತು. ಅದು ಅಷ್ಟು ಸಣ್ಣಗಾಗಿದೆಯೆಂದು ಯಾರಿಗೂ ಗೊತ್ತಿರಲಿಲ್ಲ.

ಮುದುಕಿ ಹೊಸ್ತಿಲೇರಿದಳು. ಅವಳ ಹಿಂದೆ ಸೊಸೆ, ಸೊಸೆಯ ಹಿಂದೆ ಉಳಿದವರು. ಮಗಳು ಎರಡೂ ಕೈಯಲ್ಲಿ ಚೆಂಬು ಹಿಡಿದು ಕತ್ತು ಮುಂದೆ ಚಾಚಿ ನಿಂತಳು. ಮುದುಕಿ ಉಸಿರೆಳೆದುಕೊಂಡಳು. ಅವಳ ಕತ್ತಿನ ನರ ಉಬ್ಬಿತು. ಇಷ್ಟು ವರ್ಷದಲ್ಲಿ ಆ ನರ ಉಬ್ಬಿದ್ದನ್ನು ತಾಯಿ ಕಂಡದ್ದು ಅದೇ ಮೊದಲು. ಮುದುಕಿಯ ಬಾಯಿ ತೆರೆಯಿತು.

ತಾಯಿ ಮಗಳ ಕೈಯಿಂದ ಚೆಂಬು ಕಿತ್ತುಕೊಂಡು ದಬದಬನೆ ಸುರಿದಳು.

ನೀರಿನ ಸದ್ದು ಕಲ್ಲುಹೊಸ್ತಿಲ ಮೇಲೆ ಜೋರಾಗಿಯೇ ಆಯಿತು. ಅದನ್ನು ಕೇಳಿ ಪಡುವಲ ಸಾಲಿನ ಉಳಿದ ಚೆಂಬುಗಳೂ ಬಾಗಿದವು. ಸದ್ದೆಲ್ಲ ನಿಂತಾಗ ಮುದುಕಿಯ ಬಾಯಿ ಮುಚ್ಚಿತ್ತು. ಸೊಸೆ ಸೊಂಟದ ಮೇಲಿನ ಕೈ ಇಳಿಸಿ, ನಿಟ್ಟುಸಿರು ಬಿಟ್ಟು, ಅತ್ತೆಯ ಸೆರಗು ಸರಿಮಾಡಿದಳು.

ತಾಯಿ ಮಾಡಿದ್ದನ್ನು ಬೀದಿಯೆಲ್ಲ ನೋಡಿತು. ಆದರೆ ನೋಡಿದ್ದನ್ನು ಸಾರುವ ಪದ್ಧತಿ ಆ ಊರಿನಲ್ಲಿಲ್ಲ, ನಂಬಿದ್ದನ್ನು ಮಾತ್ರ.

ತಾಯಿ ಬಗ್ಗಿ ಮಗಳ ಕಿವಿಯಲ್ಲಿ ಕೇಳಿದಳು, "ಏನಂದಳೇ ಅಜ್ಜಿ?"

"'ನಾನೇ' ಅಂತ ಶುರು ಮಾಡಿದರು."

"ಆಮೇಲೆ?"

"ಆಮೇಲೆ ನೀನು ಸುರಿದೆ."

"ನಾನೇ ಏನು? ಸರಿಯಾಗಿ ನೆನಪು ಮಾಡ್ಕೋ. ನಾನೇ ಏನು?"

"ನೀರು ಕೇಳಿಸ್ತು ಅಮ್ಮ. ಬರೀ ನೀರು."

ತಾಯಿ ಎದುರು ಮನೆಯತ್ತ ನೋಡಿದಳು. ಮುದುಕಿ ಅವಳನ್ನು ನೋಡಲಿಲ್ಲ, ಮಗುವನ್ನು ನೋಡುತ್ತಿದ್ದಳು. ಸೊಸೆ ಒಳಗಿನಿಂದ ತುಂಬಿದ ಚೆಂಬು ತಂದು ಅವಳ ಕೈಗಿಟ್ಟಳು. ಪಡುವಲ ಸಾಲಿನ ಸರದಿ ಬಂದಿತ್ತು.

ಮಗಳು ಹೊಸ್ತಿಲೇರಿದಳು. ಒದ್ದೆ ಕಲ್ಲಿನ ಮೇಲೆ ಅವಳ ಪುಟ್ಟ ಪಾದ ಒಂದಿಷ್ಟು ಜಾರಿತು. ಸರಿಯಾಗಿ ನಿಂತಳು. ಬಾಯಿ ತೆರೆದಳು. ತುಟಿಗಳು ಅಚ್ಚುಕಟ್ಟಾಗಿ ಆಡಿದವು, ಒಂದು ಅಕ್ಷರವೂ ತಪ್ಪದ ಹಾಗೆ, ತಾಯಿ ಒಂದು ತಿಂಗಳು ತಿದ್ದಿದ ಹಾಗೆಯೇ. ಕತ್ತಿನ ನರ ಉಬ್ಬಲಿಲ್ಲ.

ಪಕ್ಕದಲ್ಲಿ ನಿಂತ ತಾಯಿಗೆ ಮಾತ್ರ ತಿಳಿಯಿತು, ದನಿಯಿಲ್ಲ.

ಬೀದಿ ಇನ್ನೂ ಪಿಸುಗುಟ್ಟುತ್ತಿತ್ತು. ಇನ್ನೊಂದು ಗಳಿಗೆ ಹೀಗೇ ಇದ್ದರೆ ಅಕ್ಕಪಕ್ಕದವರಿಗೂ ಗೊತ್ತಾಗುತ್ತಿತ್ತು. ತಾಯಿ ಮಗಳ ಬೆನ್ನಿಗೆ ಒತ್ತಿ ನಿಂತು, ಅವಳ ತಲೆಯ ಮೇಲಿಂದ, ಎದೆಯಲ್ಲಿದ್ದಷ್ಟು ಉಸಿರನ್ನೂ ಹಾಕಿ ಕೂಗಿದಳು: ಒರತೆ ಬತ್ತುವುದಿಲ್ಲ, ಒರತೆ ನಮ್ಮನ್ನು ಬಿಡುವುದಿಲ್ಲ, ನಾನು ಒರತೆಯನ್ನು ನಂಬಿದ್ದೇನೆ. ಅವಳ ಕೂಗಿಗೆ ಹೆದರಿ ಪಕ್ಕದ ಮನೆಯವಳು ದನಿಯೇರಿಸಿದಳು, ಅವಳಿಗೆ ಹೆದರಿ ಆಚೆಯವಳು. ಬೀದಿ ಮತ್ತೆ ಮೊದಲಿನ ಬೀದಿಯಾಯಿತು.

ಎದುರಿನಲ್ಲಿ ಮುದುಕಿ ಚೆಂಬು ಬಾಗಿಸಿದಳು, ಕೊನೆಯ ಹನಿಯವರೆಗೂ, ನಿಧಾನವಾಗಿ, ಮಗುವಿನ ತುಟಿ ನೋಡುತ್ತ.

ಹೆಜ್ಜೆಯವನು ಬಂದು ಎರಡು ಹೊಸ್ತಿಲನ್ನೂ ಮೆಟ್ಟಿದ. ಎರಡೂ ಒದ್ದೆ. ಎತ್ತಿದ್ದ ಎರಡು ಬೆರಳನ್ನೂ ಮಡಚಿ ಮುಂದೆ ಹೋದ.

ಮಗಳು ಏಳು ದಿನವನ್ನೂ ಮುಗಿಸಿದಳು, ಬೀದಿಯಲ್ಲೇ ಉಳಿದಳು, ಬೀದಿಯಲ್ಲೇ ದೊಡ್ಡವಳಾದಳು. ಆ ಊರಿನಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಸಾರುವ ಮನೆ ಯಾವುದೆಂದು ಯಾರನ್ನಾದರೂ ಕೇಳಿ ನೋಡಿ, ಆ ತಾಯಿಯ ಮನೆಯನ್ನೇ ತೋರಿಸುತ್ತಾರೆ.